ಪುಟ ನೂರಾ ಹನ್ನೆರಡು

ಫಲಕ ಭಾರವಿದೆ. ಮರದ ಮೇಲೆ ಹಿತ್ತಾಳೆ,
ಹಿತ್ತಾಳೆಯ ಮೇಲೆ ನನ್ನ ಹೆಸರು,
ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ
‘ಸಂವಹನ ತಂತ್ರಜ್ಞಾನದ ಸಮಾಜಶಾಸ್ತ್ರಕ್ಕಾಗಿ’.
ತೋಳಹುಣಸೆಯಿಂದ ಸಿಟಿ ಬಸ್ಸಿನಲ್ಲಿ ತಂದೆ
ಶಾಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು.
ಕಂಡಕ್ಟರ್ ದನಿ ತಗ್ಗಿಸಿದ:
‘ಫೋಟೋನಾ ಮೇಡಂ? ಯಾರು ತೀರ್ಕಂಡಿದ್ದು?’

ಮನೆಗೆ ಹೋಗಲಿಲ್ಲ.
ದಾವಣಗೆರೆಯ ಭಟ್ಟಿ ಸಾಲಿಗೆ ನಡೆದೆ.
ಹೊಗೆಗೆ ಬೋರ್ಡು ಬೇಕಿಲ್ಲ.

ಏಳು ವರ್ಷದ ಹಿಂದೆ ಇದೇ ಬಾಗಿಲಲ್ಲಿ
ಪ್ರಶ್ನಾವಳಿ ಹಿಡಿದು ನಿಂತಿದ್ದೆ:
ತಿಂಗಳಿಗೆ ಎಷ್ಟು ಕರೆನ್ಸಿ, ಯಾರಿಗೆ, ಯಾವ ಹೊತ್ತಿಗೆ.
ಜೈಬುನ್ನಿಸಾ ತಲೆ ಎತ್ತಲಿಲ್ಲ.
ಕಾದ ಮರಳಿಗೆ ಅಕ್ಕಿ ಬಿತ್ತು,
ರೆಪ್ಪೆ ಬಡಿಯುವುದರೊಳಗೆ ಮಂಡಕ್ಕಿಯಾಗಿ ಎದ್ದಿತು,
ಜರಡಿ ಆಡಿತು, ಮರಳು ಕೆಳಗೆ, ಬಿಳುಪು ಮೇಲೆ.
ಆಮೇಲೆ ಅಂದಳು: ‘ಹ್ಞೂ, ಈಗ ಕೇಳು.’

ಕಿಟಕಿಯ ಸಂದಿನಲ್ಲಿ ಫೋನು, ರಬ್ಬರ್ ಬ್ಯಾಂಡ್ ಹಾಕಿದ್ದು.
ಒಂದು ರಿಂಗು: ತಂಗಿ ಕುಲ್ಸುಮ್ ಹರಿಹರ ತಲುಪಿದಳು.
ಎರಡು: ಮಗು ಉಂಡಿತು.
ಮೂರು: ಅವನು ಮನೆಯಲ್ಲಿದ್ದಾನೆ, ಈಗ ಬರಬೇಡ.
ಮೂರಾಗಿ, ನಿಂತು, ಮತ್ತೊಂದು –
ಅದನ್ನು ಹೇಳಲಿಲ್ಲ.
‘ಇತರೆ’ ಎಂದು ಬರೆದುಕೊಂಡೆ.

ಅದೇ ಕೋಷ್ಟಕ ನಾಲ್ಕು,
ತೀರ್ಪುಗಾರರಿಗೆ ಬಹಳ ಹಿಡಿಸಿದ್ದು.
ಇವತ್ತು ವೇದಿಕೆಯ ಮೇಲೆ ಹಿರಿಯರೊಬ್ಬರು
ಕನ್ನಡಕ ಸರಿಮಾಡಿಕೊಂಡು ಪುಟ ನೂರಾ ಹನ್ನೆರಡು ಓದಿದರು:
‘ಮಿಸ್ಡ್ ಕಾಲ್ ಎಂಬುದು ಕಾಸಿಲ್ಲದವರ ವ್ಯಾಕರಣ.’
ಚಪ್ಪಾಳೆ.
ಏಲಕ್ಕಿ ಹಾರ ಕುತ್ತಿಗೆಗೆ ಚುಚ್ಚುತ್ತಿತ್ತು.
ನಾನು ಮೆಟ್ಟಿಲಿಳಿಯುವುದರೊಳಗೆ ಮುಂದಿನ ಸಾಲಿನ ಹುಡುಗ
ಆ ವಾಕ್ಯವನ್ನು ಸ್ಟೇಟಸ್ಸಿಗೆ ಹಾಕಿದ್ದ.

ಜೈಬುನ್ನಿಸಾ ಫಲಕ ಮುಟ್ಟಲಿಲ್ಲ, ಕೈಯೆಲ್ಲ ಉಪ್ಪು.
‘ಇದ್ರಾಗೆ ನಾನೆಲ್ಲಿ?’
ಹೆಸರು ಹಾಕುವ ಹಾಗಿಲ್ಲ, ನಿಯಮ, ನಿಮ್ಮ ಒಳ್ಳೆಯದಕ್ಕೇ,
ಪುಸ್ತಕದಲ್ಲಿ ನೀವು ಮಾಹಿತಿದಾರೆ ಏಳು.
‘ಏಳಾ? ರೇಷನ್ ಕಾರ್ಡಿನಾಗೆ ಜೈಬು ಅಂತಾದ್ರೂ ಐತಿ.’
ನಕ್ಕಳು. ಆರು ಯಾರು ಅಂದಳು.
ನಾನು ಬಾಯಿ ಬಿಡಲಿಲ್ಲ.
ಪಕ್ಕದ ಭಟ್ಟಿಯತ್ತ ನೋಡಿ ಅವಳೇ ಹೇಳಿದಳು, ಸರಿಯಾಗಿ.

ಆಗ ಕಿಟಕಿಯಲ್ಲಿ ಫೋನು. ಈಗಿನದು ದೊಡ್ಡ ಗಾಜಿನದು,
ಮೂಲೆಯಲ್ಲಿ ಬಿರುಕು.
ಒಂದು. ಎರಡು. ನಿಂತಿತು.

ಇನ್ನೂ? ಎಂದೆ. ಪ್ಯಾಕ್ ಇದೆಯಲ್ಲ,
ಎಷ್ಟು ಮಾತಾಡಿದರೂ ಅಷ್ಟೇ ದುಡ್ಡು.
‘ಐತಿ. ಇಬ್ರಿಗೂ ಐತಿ. ಎಂಬತ್ನಾಕು ದಿನದ್ದು.’
ಬಾಣಲೆಗೆ ಇನ್ನೊಂದು ಮೊರದಷ್ಟು ಅಕ್ಕಿ.
‘ಮಾತಾಡಿದ್ರೆ ಅಮ್ಮನ ಬಳೆ ವಿಷ್ಯ ಬರ್ತತಿ,
ಬಳೆ ಬಂತಂದ್ರೆ ಜಗಳ ಬರ್ತತಿ.
ರಿಂಗಿನ ಜೊತಿಗೆ ಯಾರಾದ್ರೂ ಜಗಳ ಆಡ್ತಾರಾ?
ಆಗ್ಲೂ ಹಿಂಗೇ ಇತ್ತವ್ವ.
ನೀನು ದುಡ್ಡೆಷ್ಟು ಅಂತ ಕೇಳ್ದಿ, ನಾ ಹೇಳ್ದೆ.
ಮಾತಾಡಾಕೆ ಮನಸೈತಾ ಅಂತ ಕೇಳ್ಲೇ ಇಲ್ಲ.’

ಸಂಜೆಯ ಲೋಡಿಗೆ ಆಟೊ ಬಂತು.
ಚೀಲದ ಬಾಯಿ ಹೊಲಿಯುವ ದಬ್ಬಳ ಹುಡುಕುತ್ತ
ಅವಳು ನನ್ನನ್ನು ಮರೆತಳು.
ಅಕ್ಕಿ ಮೂಟೆಯ ಮೇಲಿಟ್ಟಿದ್ದ ಫಲಕಕ್ಕೆ
ಆಗಲೇ ಉಮಿಯ ಬೂದಿ ಕೂತಿತ್ತು.
ಒರೆಸಿದರೆ ನನ್ನ ಹೆಸರಿನ ಒತ್ತಕ್ಷರದೊಳಗೆ
ಇನ್ನಷ್ಟು ಇಳಿಯಿತು.
ಹೊರಡುವಾಗ ಎರಡು ಸೇರು ಮಂಡಕ್ಕಿ ಕಟ್ಟಿಕೊಟ್ಟಳು,
ದುಡ್ಡು ಎಣಿಸಿಯೇ ತೆಗೆದುಕೊಂಡಳು.

ರಾತ್ರಿ ಹತ್ತೂವರೆ.
ಗೋಡೆಗೆ ಮೊಳೆ ಹೊಡೆಯಲೋ ಬೇಡವೋ ಎಂದು
ಸುತ್ತಿಗೆ ಹಿಡಿದು ನಿಂತಿದ್ದೇನೆ.
ಮೇಜಿನ ಮೇಲೆ ಫೋನು ನಡುಗಿತು.
ಅವಳ ನಂಬರು. ಮೂರು.
ನಿಂತಿತು.
ಮತ್ತೊಂದು.

ಏಳು ವರ್ಷ ಓದಿದ್ದೇನೆ, ಅರ್ಥ ಗೊತ್ತಿಲ್ಲ.
ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು,
ನನಗೆ ಬರುವಷ್ಟರಲ್ಲಿ,
ಒಂದು ರಿಂಗು ಕೊಟ್ಟು ಕತ್ತರಿಸಿದೆ:
ತಲುಪಿದೆ.